ಡಾಕ್ಟರಮ್ಮನ ರೈಲಿಗೆ ಸೀಟಿ ಕೂರಿಸಿದ್ದು

ಮೈಕ್ ಸೆಟ್ಟು, ಆಂಪ್ಲಿಫೈಯರು, ಸ್ಪೀಕರ್ ರಿಪೇರಿ ಅಂತ ಈ ಕೆಲಸಕ್ಕೆ ಹೊಸದಾಗಿ ಇಳಿಯೋರು ಯಾರಾದರೂ ಇದ್ದರೆ ಅವರಿಗಾಗಿ ಇದನ್ನು ಬರೀತಿದ್ದೀನಿ. ನಾನು ಆನವಟ್ಟಿಯ ಕೆರಿಯಪ್ಪ. ಮೈಕ್ ಕೆರಿಯಪ್ಪ ಅಂದರೆ ಸೊರಬದ ಕಡೆ ಇವತ್ತಿಗೂ ಗುರುತು ಹಿಡೀತಾರೆ. ಅಂಗಡಿ ಮುಚ್ಚಿ ನಾಲ್ಕು ವರ್ಷ ಆಯ್ತು. ಎಷ್ಟು ಸಭೆಗೆ ಮೈಕ್ ಹಾಕಿದೆ, ಯಾರು ಯಾರು ಶಾಲು ಹೊದಿಸಿದರು ಅನ್ನೋದೆಲ್ಲ ಇಲ್ಲಿ ಬೇಡ. ಆ ಶಾಲುಗಳನ್ನು ನನ್ನ ಹೆಂಡತಿ ಲಕ್ಷ್ಮಮ್ಮ ಟೀವಿಗೆ, ಮಿಕ್ಸಿಗೆ ಮುಚ್ಚಿದ್ದಾಳೆ. ನಾನು ಬರೀಬೇಕು ಅಂತಿರೋದು ಭಯದ ವಿಷಯ.

ಭಯ ಅಂದ ಕೂಡಲೇ ಕರೆಂಟ್ ಹೊಡೆಯೋದು ಅಂದ್ಕೋತೀರಿ. ಅದೂ ಇದೆ ಬಿಡಿ. ಹಳೇ ವಾಲ್ವ್ ಸೆಟ್ಟಿನ ಕಾಲದಲ್ಲಿ ಒದ್ದೆ ಚಪ್ಪರದ ಕೆಳಗೆ ವೈರ್ ಸೇರಿಸೋಕೆ ಹೋಗಿ ಎರಡು ಸಲ ಹೊಡೆಸಿಕೊಂಡು ಬಿದ್ದಿದ್ದೀನಿ. ಎದ್ದು, ಚಾ ಕುಡಿದು, ಮತ್ತೆ ಕೆಲಸ ಮಾಡಿದ್ದೀನಿ. ಆ ಭಯ ಬಂದ ಹಾಗೇ ಹೋಗುತ್ತೆ. ಹೋಗದೇ ಇರೋ ಭಯ ಒಂದಿದೆ. ಅದನ್ನು ನಾನು ಮೊದಲು ನೋಡಿದ್ದು ನನ್ನ ಉಸ್ತಾದರ ಮುಖದಲ್ಲಿ. ಅಲ್ಲ, ತಪ್ಪು ಬರೆದೆ. ಅವರ ಮುಖದಲ್ಲಿ ಭಯ ಇರಲೇ ಇಲ್ಲ, ಅವರು ನಗ್ತಾ ಇದ್ದರು. ಹೆದರಿದ್ದು ನಾನು.

ಉಸ್ತಾದ್ ಅಂದರೆ ಖಾದರ್ ಸಾಬ್ರು. ಶಿರಾಳಕೊಪ್ಪದಲ್ಲಿ ಮೈಕ್ ಸೆಟ್ ಇಟ್ಟಿದ್ದರು. ಇಪ್ಪತ್ತು ದಾಟಿದ ಮೇಲೆ ನಾನು ಅವರ ಹತ್ತಿರ ಕೆಲಸಕ್ಕೆ ಸೇರಿದೆ. ಮಹಾ ಸಿಡುಕಿನ ಮನುಷ್ಯ. ಬೆಸುಗೆ ಉಂಡೆ ಕಟ್ಟಿದರೆ ಸ್ಕ್ರೂಡ್ರೈವರ್ ಹಿಡಿಯಿಂದ ಗೆಣ್ಣಿಗೆ ಬಾರಿಸೋರು. ಆದರೆ ಅನ್ನ ಹಾಕಿದ ವಿದ್ಯೆ ಅವರೇ ಕಲಿಸಿದ್ದು. ಹಾರ್ನ್, ಅಂದರೆ ಕಹಳೆ ಬಾಯಿಯ ಸ್ಪೀಕರ್, ಕಟ್ಟಿದ ಮೇಲೆ ಅದರ ಬಾಯಿಗೆ ಕಿವಿ ಕೊಟ್ಟು ನಿಲ್ಲಬೇಕು, ಒಡಕು ದನಿ ಇದ್ದರೆ ಆಗಲೇ ಸಿಕ್ಕಿಬೀಳೋದು ಅನ್ನೋದು ಅವರ ಪಾಠ. ಅವರು ವರ್ಷಗಟ್ಟಲೆ ಹಾಗೇ ನಿಂತಿದ್ದರು. ಅವರನ್ನು ನೋಡಿ ನಾನೂ ನಿಂತೆ. ನಿಂತು ನಿಂತು ಅದೇ ಚಟ ಆಗಿಹೋಯ್ತು.

ಒಂದು ದಿನ ಉಳವಿ ಕಡೆ ಮದುವೆ. ಮಧ್ಯಾಹ್ನ, ಮೊದಲನೇ ಪಂಕ್ತಿಗೆ ಎಲೆ ಹಾಕಿದ್ದರು. ಹೆಣ್ಣಿನ ಸೋದರಮಾವ ನಾಲ್ಕು ಮಾತಾಡ್ತೀನಿ ಅಂತ ಮೈಕ್ ಹಿಡಕೊಂಡು ಸೀದಾ ಹಾರ್ನಿನ ಎದುರಿಗೇ ಹೋಗಿ ನಿಂತ. ಮೈಕ್ ಕುಯ್ಯೋ ಅಂತ ಕಿರುಚೋಕೆ ಶುರುವಾಯ್ತು. ಸಣ್ಣ ದನಿ, ಹಲ್ಲು ಜುಂ ಅನ್ನೋ ಅಂಥದ್ದು. ಊಟಕ್ಕೆ ಕೂತೋರು ಎಡಗೈಯಲ್ಲಿ ಕಿವಿ ಮುಚ್ಚಿಕೊಂಡರು, ತೊಟ್ಟಿಲ ಮಗು ಎದ್ದು ಅತ್ತಿತು. ನಾನು ಹಾರ್ನ್ ತಿರುಗಿಸೋಕೆ ಗಳ ಹತ್ತಿದ್ದವನು ಕೆಳಗೆ ನೋಡ್ತೀನಿ, ಉಸ್ತಾದರು ಸೆಟ್ಟಿನ ಪಕ್ಕ ಕುರ್ಚಿ ಹಾಕ್ಕೊಂಡು ಆರಾಮಾಗಿ ಕೂತಿದ್ದಾರೆ. ಎರಡು ಬೆರಳು ಸ್ಪೀಕರ್ ಪೆಟ್ಟಿಗೆ ಮೇಲೆ. ಜನ ಕೈ ಬೀಸಿ ನಿಲ್ಸಿ ನಿಲ್ಸಿ ಅಂತಿದ್ದರೆ ಇವರು ತಲೆ ಆಡಿಸಿ ನಗ್ತಿದ್ದಾರೆ. ಸಾಲದ್ದಕ್ಕೆ ಜೋರು ಮಾಡಿ ಅಂತಿದ್ದಾರೆ ಅಂದ್ಕೊಂಡು ಇನ್ನೊಂದಿಷ್ಟು ದನಿ ಏರಿಸಿದರು. ನಾನು ಹಾರ್ನ್ ಆಚೆ ತಿರುಗಿಸಿದ ಮೇಲೇ ಕಿರುಚು ನಿಂತಿದ್ದು.

ಸಾಯಂಕಾಲ ಟೆಂಪೋದಲ್ಲಿ ವಾಪಸ್ ಬರುವಾಗ ಅವರಾಗೇ ಕೇಳಿದರು. "ಎಷ್ಟೊತ್ತು ಕೂಗ್ತೋ, ಕೆರಿಯಾ?"

"ಇಲ್ಲ ಬಿಡಿ ಸಾಬ್ರೇ, ಒಂದು ಚೂರು."

"ಸುಳ್ಳು ಹೇಳಬ್ಯಾಡ. ಜನ ನನ್ನ ಮುಖ ನೋಡೋ ರೀತೀಲೇ ಗೊತ್ತಾಯ್ತು." ಆ ಕಿರುಚು ಅವರಿಗೆ ಕೇಳೇ ಇರಲಿಲ್ಲ. ಮಾರನೇ ವಾರದಿಂದ ಮದುವೆಗೆಲ್ಲ ನನ್ನೊಬ್ಬನನ್ನೇ ಕಳಿಸಿದರು. ಅವರು ಅಂಗಡಿ ಒಳಗೆ ಕೂತು ವೈರ್ ಸುತ್ತುತ್ತಿದ್ದರು, ಸಾಯೋ ತನಕ ಅಷ್ಟೇ ಕೆಲಸ.

ಅವತ್ತಿನಿಂದ ನನಗೆ ಆ ಕುರ್ಚಿಯ ಭಯ. ನಾನೂ ಒಂದು ದಿನ ಹಾಗೇ ನಗ್ತಾ ಕೂತಿರ್ತೀನಾ ಅಂತ. ಹಾಗಂತ ಕಿವಿಗೆ ಒಂದು ಚೂರು ಹತ್ತಿ ಇಟ್ಟುಕೊಂಡೆನಾ? ಇಲ್ಲ. ಹತ್ತಿ ಇಟ್ಟುಕೊಂಡು ನಿಂತರೆ ಮೈಕ್‌ನೋನು ಅಂತ ಯಾರು ಅಂತಾರೆ ಅನ್ನೋ ಜಂಬ. ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಬಂತು, ಕ್ಯಾಸೆಟ್ ಹೋಗಿ ಉಗುರಿನಷ್ಟು ಮೆಮೊರಿ ಕಾರ್ಡ್ ಬಂತು, ಹಾರ್ನ್ ಹೋಗಿ ಎದೆ ಗುದ್ದೋ ಡೀಜೆ ಪೆಟ್ಟಿಗೆ ಬಂತು. ಎಲ್ಲದರ ಬಾಯಿಗೂ ನಾನು ಕಿವಿ ಕೊಟ್ಟೆ.

ಅಂಗಡಿ ಮುಚ್ಚಿದ ಮೇಲೆ ಒಂದು ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ಪೇಪರ್ ಓದ್ತಾ ಕೂತಿದ್ದೆ. ಹಿತ್ತಲಿಂದ ಓಡಿ ಬಂದ ಲಕ್ಷ್ಮಮ್ಮ ಗ್ಯಾಸ್ ಆಫ್ ಮಾಡಿ ನನ್ನ ಮೇಲೆ ಹಾರಿದಳು. "ಎಂತ ಮಾರಾಯ್ರೇ, ಕುಕ್ಕರ್ ಏಳೆಂಟು ಸೀಟಿ ಕೂಗ್ತು, ಬೇಳೆ ಸೀದು ವಾಸನೆ ಬಂತು, ಎದುರಿಗೇ ಕೂತು ಎಂತ ಮಾಡ್ತಿದ್ರಿ?"

"ಓದ್ತಾ ಇದ್ದೆ, ಗಮನ ಇರ್ಲಿಲ್ಲ," ಅಂದೆ. ನನಗೆ ಒಂದು ಸೀಟಿಯೂ ಕೇಳಿರಲಿಲ್ಲ. ಮಾತು ಕೇಳುತ್ತೆ, ಬಸ್ಸಿನ ಹಾರ್ನ್ ಕೇಳುತ್ತೆ, ಸಣ್ಣ ದನಿ ಮಾತ್ರ ಇಲ್ಲ. ಯಾರಿಗೂ ಹೇಳಲಿಲ್ಲ. ಅಲ್ಲಿಂದ ಮುಂದೆ ಕುಕ್ಕರ್ ಇಟ್ಟಾಗಲೆಲ್ಲ ಅದರ ತಲೆಯನ್ನೇ ನೋಡ್ತಾ ಕೂತೆ.

ಇಷ್ಟೆಲ್ಲ ಮುಚ್ಚಿಟ್ಟುಕೊಂಡವನು ಶಿಕಾರಿಪುರದ ಕಿವಿ ಡಾಕ್ಟರಮ್ಮನ ಕೆಲಸ ಯಾಕೆ ಒಪ್ಪಿಕೊಂಡೆ ಅಂದರೆ, ಅಂಗಡಿ ಮುಚ್ಚಿದ ಮೇಲೆ ಯಾರೂ ಕೆಲಸಕ್ಕೆ ಕರೆದಿರಲಿಲ್ಲ. ಕರೆದಿದ್ದೇ ದೊಡ್ಡದಾಗಿ ಕಂಡಿತು. ಹಳೇ ಗಿರಾಕಿಯೊಬ್ಬರು ನನ್ನ ಹೆಸರು ಹೇಳಿದ್ದರಂತೆ.

ಡಾಕ್ಟರಮ್ಮನ ಹೆಸರು ಶೈಲಜಾ. ಅವರ ಕ್ಲಿನಿಕ್ಕಿನಲ್ಲಿ ಮಕ್ಕಳು ಅಳಬಾರದು ಅಂತ ಒಂದು ಆಟದ ರೈಲಿತ್ತು. ಬಾಗಿಲಿನಷ್ಟು ಪ್ಲೈವುಡ್ ಹಲಗೆ, ಅದರ ಮೇಲೆ ಸುತ್ತು ಹಳಿ, ಒಂದು ಸೇತುವೆ, ರಟ್ಟಿನ ಸ್ಟೇಷನ್, ಅದಕ್ಕೆ ಶಿಕಾರಿಪುರ ಅಂತ ಹಳದಿ ಬೋರ್ಡು. ಊರಿಗೆ ಇನ್ನೂ ರೈಲು ಬಂದಿಲ್ಲ, ಕ್ಲಿನಿಕ್ಕಿಗೆ ಬಂದುಬಿಟ್ಟಿದೆ ಅಂತ ಬಂದೋರೆಲ್ಲ ತಮಾಷೆ ಮಾಡ್ತಿದ್ದರು. ರೈಲು ಓಡ್ತಿತ್ತು, ಶಬ್ದ ಇರಲಿಲ್ಲ. ಶಬ್ದ ಬರೋ ಎಂಜಿನ್ ಹೊರಗಿಂದ ತರಿಸಬೇಕು, ವಿಪರೀತ ದುಬಾರಿ. ಕಡಿಮೆಯಲ್ಲಿ ಆಗುತ್ತಾ ಅಂತ ಕೇಳಿದರು. ಆಗುತ್ತೆ ಅಂದೆ.

ಈ ಕೆಲಸ ನಿಮಗೂ ಬರಬಹುದು, ಅದಕ್ಕೆ ಹೇಳಿಬಿಡ್ತೀನಿ. ಎಂಜಿನ್ ಒಳಗೆ ಸ್ಪೀಕರ್ ತುರುಕೋಕೆ ಹೋಗಬೇಡಿ, ಜಾಗ ಇಲ್ಲ. ಹಲಗೆ ಕೆಳಗೆ ಇಡಿ, ಮಗುವಿಗೆ ರೈಲೇ ಕೂಗಿದ ಹಾಗೆ ಕೇಳುತ್ತೆ. ಮೆಮೊರಿ ಕಾರ್ಡ್ ಹಾಕಿ ದನಿ ನುಡಿಸೋ ಪುಟ್ಟ ಸರ್ಕ್ಯೂಟ್ ಬೋರ್ಡು ಸಾಕು. ಬರೀ ಸ್ಪೀಕರ್ ಇಟ್ಟರೆ ದನಿಗೆ ತೂಕ ಇರೋದಿಲ್ಲ, ಪೆಟ್ಟಿಗೆ ಬೇಕು. ನಾನು ದೊಡ್ಡ ತೆಂಗಿನ ಕರಟ ಉಜ್ಜಿ ಅದಕ್ಕೆ ಹಳೇ ರೇಡಿಯೋ ಸ್ಪೀಕರ್ ಅಂಟಿಸಿದೆ. ಎಂಜಿನ್ ಹೊಟ್ಟೆಗೆ ಸಣ್ಣ ಆಯಸ್ಕಾಂತ, ಸೇತುವೆ ಹತ್ತಿರ ಹಳಿ ಕೆಳಗೆ, ಆಯಸ್ಕಾಂತ ಹತ್ತಿರ ಬಂದರೆ ತಾನೇ ಆನ್ ಆಗೋ ಗಾಜಿನ ಸ್ವಿಚ್ಚು. ರೈಲು ಮೇಲೆ ಬಂದ ಕೂಡಲೇ ದಡಬಡ ದಡಬಡ ಅಂತ ಸೇತುವೆ ಸದ್ದು. ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. ನನಗೂ ಖುಷಿಯಾಯ್ತು ಕಣ್ರೀ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಅವರು ನಿಜವಾದ ವಿಷಯ ತೆಗೆದರು. "ಕೆರಿಯಪ್ಪನೋರೇ, ಇದು ಬರೀ ಆಟಕ್ಕಲ್ಲ. ಸಣ್ಣ ಮಕ್ಕಳು ಕೇಳುತ್ತೋ ಇಲ್ವೋ ಅಂತ ಬಾಯಲ್ಲಿ ಹೇಳಲ್ಲ. ರೈಲಿಗೆ ಬೆನ್ನು ಮಾಡಿ ಕೂರಿಸ್ತೀವಿ. ನಾನು ಒಳಗಿನ ರೂಮಿಂದ ಗಾಜಿನಲ್ಲಿ ನೋಡ್ತಾ ಸ್ವಿಚ್ ಒತ್ತುತ್ತೀನಿ. ತಿರುಗಿ ನೋಡಿದ್ರೆ ಸರಿ. ನೋಡದಿದ್ದರೆ ದೊಡ್ಡ ಪರೀಕ್ಷೆಗೆ ಶಿವಮೊಗ್ಗಕ್ಕೆ ಬರೆದು ಕೊಡ್ತೀನಿ. ಒಂದು ದಪ್ಪ ದನಿ ಬೇಕು, ಎಂಜಿನ್ ಹಾರ್ನ್ ಸಾಕು. ಒಂದು ಸಣ್ಣ ದನಿ ಬೇಕು. ಗಾರ್ಡ್ ಸೀಟಿ ಹಾಕೋಣ."

ಸೀಟಿ ಅಂದ ಕೂಡಲೇ ನನಗೆ ಕುಕ್ಕರ್ ನೆನಪಾಯ್ತು. ಆಗಲೇ ಹೇಳಬಹುದಿತ್ತು. ಎದುರಿಗೆ ಇರೋರು ಕಿವಿ ಡಾಕ್ಟರೇ. ನಾನು ಹೇಳಿದ್ದು, "ಹಾಕೋಣ, ಅದೆಂತ ಮಹಾ."

ಹಾರ್ನ್ ಸಾಗರದ ಸ್ಟೇಷನ್ನಿಗೆ ಹೋಗಿ ಮೊಬೈಲಿನಲ್ಲಿ ಹಿಡಿದು ತಂದೆ. ಗಾರ್ಡ್ ಹತ್ತಿರ ಸೀಟಿ ಊದಿ ಅನ್ನೋಕೆ ಧೈರ್ಯ ಬರಲಿಲ್ಲ. ನಮ್ಮ ಕಡೆ ಬಸ್ಸಿನ ಕಂಡಕ್ಟರನಿಗೆ ಹೇಳಿ ಊದಿಸಿದೆ. ಅವನು ಕೆನ್ನೆ ಉಬ್ಬಿಸಿ, ಕಣ್ಣು ಕೆಂಪು ಮಾಡಿಕೊಂಡು ಊದಿದ. ಎರಡು ಮಾರು ದೂರದಲ್ಲಿ ನಿಂತ ನನಗೆ ಎಲ್ಲೋ ಕೆರೆ ಆಚೆ ಊದಿದ ಹಾಗೆ ಕೇಳಿತು. ಬಸ್ಸಿನೊಳಗಿದ್ದ ಅಜ್ಜಿಯೊಬ್ಬಳು ಬೆಚ್ಚಿ ಸೆರಗು ಕಿವಿಗೆ ಒತ್ತಿಕೊಂಡಳು. ಅವಳನ್ನು ನೋಡಿ, ಸೀಟಿ ಚೆನ್ನಾಗಿ ಬಂದಿದೆ ಅಂತ ತಿಳಿದುಕೊಂಡೆ.

ಕರಟದ ಸ್ಪೀಕರ್ ಸಣ್ಣ ದನಿ ಸರಿಯಾಗಿ ಬಿಡೋದಿಲ್ಲ. ಅದಕ್ಕೆ ಸೀಟಿಗೆ ಬೇರೆಯೇ ಬೋರ್ಡು, ಸಣ್ಣ ದನಿಗೇ ಅಂತ ಇರೋ ಪುಟ್ಟ ಟ್ವೀಟರ್ ಸ್ಪೀಕರ್. ಮನೆಯಲ್ಲಿ ಕೂರಿಸಿ ಒತ್ತಿದರೆ ನನಗೆ ಏನೂ ಇಲ್ಲ. ಬೆಂಚಿನ ಮೇಲೆ ಮಲಗಿದ್ದ ನಮ್ಮ ಬೆಕ್ಕಿನ ಕಿವಿ ಮಾತ್ರ ಥಟ್ ಅಂತ ತಿರುಗಿತು. ಇನ್ನೊಮ್ಮೆ ಒತ್ತಿದೆ, ಇನ್ನೊಮ್ಮೆ ತಿರುಗಿತು. ಅಷ್ಟು ವರ್ಷ ದನಿ ಮಾರಿ ಬದುಕಿದ ನಾನು ಬೆಕ್ಕಿನ ಕಿವಿ ನೋಡಿ ಸರ್ಟಿಫಿಕೇಟ್ ತಗೊಂಡೆ. ಕ್ಲಿನಿಕ್ಕಿನಲ್ಲಿ ಬೆಕ್ಕು ಇರೋದಿಲ್ಲ ಅಂತ ರಟ್ಟಿನ ಸ್ಟೇಷನ್ ಮೇಲೆ ಒಂದು ಕೆಂಪು ದೀಪ ಇಟ್ಟೆ. ಸೀಟಿ ಬೋರ್ಡ್ ಓಡಿದಾಗ ಅದು ಹೊತ್ತುತ್ತೆ. ಡಾಕ್ಟರಮ್ಮನಿಗೆ ಸಿಗ್ನಲ್ ದೀಪ ಅಂದೆ, ಚಂದ ಇದೆ ಅಂದರು. ಅದು ನನಗೋಸ್ಕರ ಇಟ್ಟ ದೀಪ.

ಎರಡು ವಾರ ಎಲ್ಲ ಸರಿಯಾಗಿತ್ತು. ಆಮೇಲೆ ಹಾರ್ನಿನ ಜೊತೆ ಗರಗರ ಅಂತ ಸೇರಿಕೊಂಡಿದೆ ಅಂತ ಫೋನ್ ಬಂತು. ಎಂಜಿನ್ ಮೋಟರಿನ ಗಲೀಜು ದನಿಗೆ ಬರ್ತಿತ್ತು. ರೈಲಿಗೂ ದನಿಗೂ ಒಂದೇ ಕಡೆಯಿಂದ ಕರೆಂಟ್ ಕೊಟ್ಟಿದ್ದು ನನ್ನ ತಪ್ಪು, ನೀವು ಮಾಡಬೇಡಿ. ಮಧ್ಯಾಹ್ನ ಡಾಕ್ಟರಮ್ಮನೂ ನರ್ಸೂ ಊಟಕ್ಕೆ ಹೋದಾಗ ಹಲಗೆ ಕೆಳಗೆ ಮಲಗಿ ದನಿಗೆ ಬೇರೆ ಚಾರ್ಜರ್ ಕೊಟ್ಟೆ. ಎಳೆದಾಡುವಾಗ ಟ್ವೀಟರಿನ ಹಿಂದಿನ ಕೂದಲೆಳೆ ವೈರ್ ಕಿತ್ತುಹೋಗಿದೆ. ನನಗೆ ಕಾಣಲಿಲ್ಲ. ಹಾರ್ನ್ ಒತ್ತಿದೆ, ಸ್ವಚ್ಛವಾಗಿ ಕೇಳಿತು. ಸೀಟಿ ಒತ್ತಿ, ಬೋರ್ಡಿನಿಂದ ಹೊರಡೋ ವೈರಿಗೆ ಮೀಟರ್ ಹಿಡಿದೆ. ಮುಳ್ಳು ಎದ್ದು ಕುಣಿಯಿತು, ಕೆಂಪು ದೀಪವೂ ಹೊತ್ತಿತು. ಮುಳ್ಳು ಹೇಳಿದ್ದು ಕರೆಂಟ್ ಬಾಗಿಲ ತನಕ ಬಂತು ಅಂತ ಮಾತ್ರ. ಒಳಗೆ ಹೋಯ್ತಾ ಅಂತ ಕಿವಿಯೇ ಹೇಳಬೇಕಿತ್ತು.

ಡಾಕ್ಟರಮ್ಮ ಬಂದರು. "ಸರಿಯಾಯ್ತಾ? ಸೀಟಿ?"

"ಎಲ್ಲಾ ನೋಡಿದೀನಿ, ಸರಿ ಇದೆ."

ಅವರು ನನ್ನ ಮಾತು ನಂಬಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಸ್ಸಿಗೆ ಇನ್ನೂ ಹೊತ್ತಿತ್ತು, ನಾನು ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ತಾಳಗುಂದದಿಂದ ಬಂದ ಹೆಂಗಸು, ಗಿರಿಜಾ ಅಂತ. ತೊಡೆ ಮೇಲೆ ಮೂರು ವರ್ಷದ ಮಗಳು ಸಹನಾ. ರೈಲು ನೋಡಿ ಕೈ ಚಾಚ್ತಿತ್ತು, ಮಾತಿಲ್ಲ.

"ಇನ್ನೂ ಅವ್ವ ಅಂತ ಕರ್ದಿಲ್ರೀ ಅಜ್ಜಾರೇ," ಅಂದಳು ನಾನು ಕೇಳದೇನೇ. ಪುಣ್ಯಕ್ಕೆ ನನ್ನ ಕಡೆ ತಿರುಗಿ ಮಾತಾಡ್ತಿದ್ದಳು, ತುಟಿ ಕಾಣ್ತಿತ್ತು. "ಮನ್ಯಾಗ ಆಗ್ಲೇ ಕಿವುಡಿ ಅಂತ ಹೆಸರಿಟ್ಟಾರೆ. ನಿನ್ನ ತವರಿಂದ ಬಂದಿದ್ದು ಅಂತಾರೆ. ಇವತ್ತು ಡಾಕ್ಟ್ರೂ ಹಂಗೇ ಅಂದ್ರೆ ನಾ ಯಾವ ಮುಖ ಇಟ್ಕೊಂಡು ಮನಿಗೆ ಹೋಗ್ಲಿ ಹೇಳ್ರಿ."

"ಏನೂ ಆಗಲ್ಲ ತಾಯಿ, ಹೆದರ್ಬೇಡ," ಅಂದೆ.

ನರ್ಸ್ ಮಗುವನ್ನು ರೈಲಿಗೆ ಬೆನ್ನು ಮಾಡಿ ಪುಟ್ಟ ಕುರ್ಚಿಯಲ್ಲಿ ಕೂರಿಸಿ, ಕೈಗೊಂದು ಬೊಂಬೆ ಕೊಟ್ಟು, ತನ್ನ ಮೇಜಿಗೆ ಹೋಗಿ ಬರೆಯೋಕೆ ಕೂತಳು. ಹಾರ್ನ್ ಕೂಗಿತು. ಮಗು ಥಟ್ಟನೆ ತಿರುಗಿತು. ಗಿರಿಜಾ ಉಸಿರು ಬಿಟ್ಟಳು. ಆಮೇಲೆ ಸ್ಟೇಷನ್ ಮೇಲೆ ಕೆಂಪು ದೀಪ ಹೊತ್ತಿತು. ಮಗು ಬೊಂಬೆಯ ಕೂದಲು ಎಳೆಯುತ್ತಿತ್ತು. ದೀಪ ಇನ್ನೊಮ್ಮೆ ಹೊತ್ತಿತು. ಮೂರನೇ ಸಲ ಹೊತ್ತಿತು. ಮಗು ತಿರುಗಲಿಲ್ಲ.

ಡಾಕ್ಟರಮ್ಮ ಹೊರಗೆ ಬಂದು, ಕುರ್ಚಿ ಎಳೆದುಕೊಂಡು ಗಿರಿಜಾ ಎದುರು ಕೂತರು. "ದಪ್ಪ ದನಿ ಕೇಳ್ತಿದೆ ಅಮ್ಮ. ಸಣ್ಣ ದನಿ ಕೇಳ್ತಿಲ್ಲ ಅನ್ಸುತ್ತೆ. ಮಾತು ಬರದೇ ಇರೋಕೆ ಅದೇ ಕಾರಣ ಇರಬಹುದು. ಶಿವಮೊಗ್ಗಕ್ಕೆ ಚೀಟಿ ಬರೆದು ಕೊಡ್ತೀನಿ." ಎದ್ದು ಮೇಜಿಗೆ ಹೋಗಿ ಬರೆಯೋಕೆ ಶುರು ಮಾಡಿದರು. ಗಿರಿಜಾ ಅಳಲಿಲ್ಲ. ಮಗುವಿನ ಎರಡೂ ಕಿವಿ ಮೇಲೆ ಕೈ ಇಟ್ಟುಕೊಂಡು ಕೂತಳು.

ನನಗೆ ಏನೋ ಸರಿ ಇಲ್ಲ ಅನ್ನಿಸ್ತಿತ್ತು. ಆಮೇಲೆ ಹೊಳೆಯಿತು. ಸೀಟಿ ಕೂಗಿದಾಗಲೆಲ್ಲ ಆ ನರ್ಸ್ ಬರೆಯೋದು ನಿಲ್ಲಿಸಿ ಒಮ್ಮೆ ತಲೆ ಎತ್ತುತ್ತಿದ್ದಳು. ಸೀಟಿ ಕೂರಿಸಿದ ದಿನವೇ ಗಮನಿಸಿದ್ದೆ, ಬೆಕ್ಕಿನ ಕಿವಿ ನೋಡಿ ಕಲಿತವನಲ್ವಾ. ಇವತ್ತು ಮೂರು ಸಲ ದೀಪ ಹೊತ್ತಿದರೂ ಅವಳು ತಲೆ ಎತ್ತಿರಲಿಲ್ಲ. ಡಾಕ್ಟರಮ್ಮ ಗಾಜಿನ ಆಚೆ, ಅವರಿಗೂ ಕೇಳೋ ಹಾಗಿಲ್ಲ. ಸೀಟಿ ಕೂಗಿದೆಯೋ ಇಲ್ಲವೋ ಅಂತ ಆ ಹಾಲಿನಲ್ಲಿ ಗೊತ್ತಿಲ್ಲದೇ ಇದ್ದವನು ನಾನೊಬ್ಬನೇ, ಸರಿ ಇದೆ ಅಂತ ಹೇಳಿದವನೂ ನಾನೇ.

ಆ ಎರಡು ನಿಮಿಷ ನಾನು ಏನೇನು ಯೋಚಿಸಿದೆ ಅಂತ ಬರೆಯೋಕೆ ನಾಚಿಕೆಯಾಗುತ್ತೆ, ಆದರೂ ಬರೀತೀನಿ. ಇವರು ಹೊರಟ ಮೇಲೆ ಸದ್ದಿಲ್ಲದೆ ಸರಿ ಮಾಡಿಬಿಡೋಣ ಅಂತ ಯೋಚಿಸಿದೆ. ಹೇಗೂ ಶಿವಮೊಗ್ಗದಲ್ಲಿ ಸರಿಯಾಗಿ ನೋಡ್ತಾರಲ್ಲ ಅಂದ್ಕೊಂಡೆ. ಆದರೆ ಅಲ್ಲಿಗೆ ಹೋಗೋಕೆ ಮುಂಚೆ ಇವಳು ತಾಳಗುಂದಕ್ಕೆ ಹೋಗ್ತಾಳೆ. ಆ ಚೀಟಿ ಹಿಡಕೊಂಡು ಆ ಮನೆಯೊಳಗೆ ಕಾಲಿಡ್ತಾಳೆ. ಖಾದರ್ ಸಾಬ್ರ ಕುರ್ಚಿ ಕಣ್ಣ ಮುಂದೆ ಬಂತು. ಅವರು ಗೊತ್ತಿಲ್ಲದೆ ದನಿ ಏರಿಸಿದ್ದರು. ನನಗೆ ಗೊತ್ತಿತ್ತು.

ಎದ್ದು ನಿಂತೆ. "ಡಾಕ್ಟರಮ್ಮ, ಚೀಟಿ ಬರೀಬೇಡಿ. ಆ ಸೀಟಿ ಕೂಗಿಲ್ಲ ಅಂತ ಕಾಣುತ್ತೆ."

"ಸರಿ ಇದೆ ಅಂದ್ರಲ್ಲ ನೀವು?"

"ಮೀಟರ್ ನೋಡಿ ಅಂದೆ." ಸ್ಟೇಷನ್ ಮೇಲಿನ ದೀಪ ತೋರಿಸಿದೆ. "ನನಗೆ ಕೇಳಲ್ಲ. ಕೂಗಿದ್ರೂ ಕೇಳಲ್ಲ, ಕೂಗದಿದ್ರೂ ಕೇಳಲ್ಲ. ಸಣ್ಣ ದನಿ ನಿಂತುಹೋಗಿ ತುಂಬಾ ದಿನ ಆಯ್ತು."

ಡಾಕ್ಟರಮ್ಮ ನರ್ಸ್ ಕಡೆ ನೋಡಿದರು. ನರ್ಸ್, "ಹೌದು ಮೇಡಂ, ಇವತ್ತು ಸೀಟಿ ಬರಲೇ ಇಲ್ಲ, ನೀವು ಹಾರ್ನ್ ಒಂದೇ ಒತ್ತಿದ್ರಿ ಅಂದ್ಕೊಂಡೆ," ಅಂದಳು. ಗಿರಿಜಾ ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿತ್ತು, ಆಸೆಯೂ ಇತ್ತು. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮೊದಲು ಸರಿ ಮಾಡಿ," ಅಂದರು ಅಷ್ಟೇ.

ಹಲಗೆ ಕೆಳಗೆ ಮಲಗಿ ಹುಡುಕಿದರೆ ಕಿತ್ತುಹೋದ ಎಳೆ ಸಿಕ್ಕಿತು. ಸಾವಿರಾರು ಸಲ ಮಾಡಿದ ಬೆಸುಗೆ, ಮೂರು ಸಲ ಉಂಡೆ ಕಟ್ಟಿತು. ಉಸ್ತಾದರು ಇದ್ದಿದ್ದರೆ ಗೆಣ್ಣು ಮುರಿಯೋರು. ನಾಲ್ಕನೇ ಸಲ ಕೂತಿತು. ಈ ಸಲ ಮೀಟರ್ ಮುಟ್ಟಲಿಲ್ಲ. "ಸಿಸ್ಟರ್, ಕೇಳಿ ಹೇಳಮ್ಮ," ಅಂದೆ. ಒತ್ತಿದೆ. "ಬಂತು," ಅಂದಳು.

ಸಹನಾಳನ್ನು ಮತ್ತೆ ರೈಲಿಗೆ ಬೆನ್ನು ಮಾಡಿ ಕೂರಿಸಿದರು. ಡಾಕ್ಟರಮ್ಮ ಇನ್ನೊಂದು ಕುರ್ಚಿ ಎಳೆದು ಅವಳ ಪಕ್ಕದಲ್ಲಿ ಹಾಕಿದರು. "ನೀವೂ ಕೂತ್ಕೊಳ್ಳಿ ಕೆರಿಯಪ್ಪನೋರೇ. ರೈಲಿಗೆ ಬೆನ್ನು ಮಾಡಿ." ಕೂತೆ. ಅವರು ಒಳಗಿನ ರೂಮಿಗೆ ಹೋದರು. ದೀಪ ಈಗ ನನ್ನ ಬೆನ್ನ ಹಿಂದೆ. ಎದುರಿಗೆ ಬರೀ ಸುಣ್ಣದ ಗೋಡೆ. ಕೇಳಲಿ ದೇವರೇ, ಒಂದು ಸಲ ಕೇಳಲಿ ಅಂತ ಹಲ್ಲು ಕಚ್ಚಿಕೊಂಡು ಕೂತೆ. ಏನೂ ಇಲ್ಲ. ಇನ್ನೂ ಒತ್ತಿಲ್ಲವೇನೋ ಅಂದ್ಕೊಂಡೆ.

ಅಷ್ಟರಲ್ಲಿ ಮಗು ಬೊಂಬೆ ಕೆಳಗೆ ಹಾಕಿ ಹಿಂದಕ್ಕೆ ತಿರುಗಿತು. ಅದು ತಿರುಗಿದ್ದು ನೋಡಿ ನಾನು ತಿರುಗಿದೆ. ಗಾಜಿನ ಆಚೆಯಿಂದ ಡಾಕ್ಟರಮ್ಮ ನನ್ನನ್ನೇ ನೋಡ್ತಿದ್ದರು.

ಗಿರಿಜಾ ಮಗುವನ್ನು ಎತ್ತಿ ಎದೆಗೆ ಅವಚಿಕೊಂಡು ಈಗ ಅತ್ತಳು. ಕಿವಿ ಸರಿ ಇದೆ, ಕೆಲವು ಮಕ್ಕಳಿಗೆ ಮಾತು ತಡ, ತಿಂಗಳಿಗೊಮ್ಮೆ ಕರ್ಕೊಂಡು ಬಾ ಅಂತ ಡಾಕ್ಟರಮ್ಮ ಹೇಳಿದರು. ಆಮೇಲೆ ಮೇಜಿನ ಮೇಲೆ ಅರ್ಧ ಬರೆದಿಟ್ಟಿದ್ದ ಶಿವಮೊಗ್ಗದ ಚೀಟಿ ಎಳೆದುಕೊಂಡರು. ಹೊಸದು ತೆಗೆಯಲಿಲ್ಲ. ಸಹನಾ, ಮೂರು ವರ್ಷ ಅಂತ ಇದ್ದಿದ್ದನ್ನು ಅಡ್ಡ ಗೀಟು ಎಳೆದು ಹೊಡೆದು, ಪಕ್ಕದಲ್ಲಿ ನನ್ನ ಹೆಸರು ಬರೆದು, ವಯಸ್ಸು ಎಷ್ಟು ಅಂತ ಕೇಳಿದರು.